ಚೆಂಡೆಸೆತವೂ ತೀರ್ಪುಗಾರನ ಕಣ್ಣೂ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನಿಂದ)

ಕಾಲ್ಚೆಂಡಾಟದಲ್ಲಿ ಗೋಲಿನ ಬಗ್ಗೆ ವಾದ ನಡೆಯುತ್ತದೆ. ಪೆನಾಲ್ಟಿಯ ಬಗ್ಗೆ ಜಗಳವೇ ನಡೆಯುತ್ತದೆ. ಥ್ರೋ-ಇನ್ ಬಗ್ಗೆ ಮಾತ್ರ ಯಾರೂ ಹೆಚ್ಚು ಮಾತನಾಡುವುದಿಲ್ಲ. ಚೆಂಡು ಪಕ್ಕದ ಗೆರೆ ದಾಟಿತು, ಒಬ್ಬನು ಅದನ್ನೆತ್ತಿ ಒಳಗೆಸೆದನು, ಆಟ ಮುಂದುವರಿಯಿತು; ಇದರಲ್ಲಿ ಚರ್ಚಿಸುವಂಥದೇನಿದೆ ಎಂದು ವಾಚಕರು ಕೇಳಬಹುದು. ಇಷ್ಟು ಸಣ್ಣ ವಿಷಯಕ್ಕೆ ನಮ್ಮ ಸಂಚಿಕೆಯ ಪುಟಗಳನ್ನು ಬಳಸುತ್ತಿರುವುದಕ್ಕೆ ಸಂಪಾದಕರ ಕ್ಷಮೆ ಬೇಡಿ ನನ್ನ ಅಹವಾಲನ್ನು ಮುಂದಿಡುತ್ತೇನೆ.

ಕಳೆದ ವರ್ಷದ ಅಂತರ ಕಾಲೇಜು ಪಂದ್ಯವೊಂದರಲ್ಲಿ ನಮ್ಮ ತಂಡ ಒಂದು ಗೋಲಿನಿಂದ ಹಿಂದಿತ್ತು. ಉಳಿದಿದ್ದುದು ಎರಡೋ ಮೂರೋ ನಿಮಿಷ. ಎದುರಾಳಿಗಳ ಗೋಲಿನ ಹತ್ತಿರ ನಮಗೆ ಥ್ರೋ-ಇನ್ ದೊರೆಯಿತು. ಎಸೆಯುವ ಕೆಲಸ ನನ್ನದು. ಸುಗ್ಗಿಯಲ್ಲಿ ಬಣವೆಯ ಮೇಲೆ ನಿಂತವರಿಗೆ ಕೆಳಗಿನಿಂದ ಹುಲ್ಲಿನ ಹೊರೆ ಎಸೆದೆಸೆದು ಬಲಿತ ತೋಳುಗಳು ನನ್ನವು. ಅದರಲ್ಲೂ ಬಲಗೈಗೆ ಕಸುವು ಹೆಚ್ಚು. ಎರಡು ಕೈಗಳಿಂದಲೂ ಹಿಡಿದು, ತಲೆಯ ಹಿಂದಕ್ಕೆ ಒಯ್ದು, ಇದ್ದ ಶಕ್ತಿಯನ್ನೆಲ್ಲ ಹಾಕಿ ಎಸೆದೆ. ಚೆಂಡು ಬುಗುರಿಯಂತೆ ಸುತ್ತುತ್ತ ಹೋಗಿ ನಮ್ಮವನೊಬ್ಬನ ತಲೆಗೆ ಸಿಕ್ಕುವಷ್ಟರಲ್ಲಿ ಸೀಟಿ ಕೇಳಿಸಿತು. “ಫೌಲ್ ಥ್ರೋ. ಚೆಂಡು ಹಾಗೆ ಸುತ್ತಿತೆಂದರೆ ಒಂದೇ ಕೈಯಲ್ಲಿ ಎಸೆದಿದ್ದೀಯೆ” ಎಂದರು ತೀರ್ಪುಗಾರರು. ಎಸೆತ ಎದುರು ತಂಡಕ್ಕೆ ಹೋಯಿತು, ಪಂದ್ಯವೂ ಹೋಯಿತು. ನಮ್ಮವರಲ್ಲಿ ಕೆಲವರು, “ಎಸೆಯುವುದಕ್ಕೂ ಬರುವುದಿಲ್ಲವಲ್ಲ!” ಎಂದು ನಕ್ಕರು.

ರಜೆಯಲ್ಲಿ ಊರಿಗೆ ಹೋದಾಗ ಈ ಸಂಗತಿಯನ್ನು ತಂದೆಯವರಿಗೆ ಹೇಳಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅವರು ಕಾಲ್ಚೆಂಡಾಟವನ್ನು ನೋಡಿದವರೂ ಅಲ್ಲ. ಎಲ್ಲವನ್ನೂ ಕೇಳಿ, “ಎರಡು ಕೈಲೂ ಎಸೀಬೇಕು ಅನ್ನೋದು ಕಾನೂನು ಅಂತೀಯ, ಎರಡು ಕೈಲೂ ಎಸೆದೆ ಅಂತೀಯ. ಆ ಯಪ್ಪ ನಿನ್ನ ಕೈ ನೋಡಿದ್ನೋ, ಚೆಂಡು ನೋಡಿದ್ನೋ?” ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯೇ ನಾನು ನಿಯಮದ ಪುಸ್ತಕವನ್ನು ಹುಡುಕಿ ಓದುವಂತೆ ಮಾಡಿತು.

ಆಟದ ನಿಯಮಗಳು ಒಟ್ಟು 17. ಅವುಗಳಲ್ಲಿ 15ನೆಯದು ಥ್ರೋ-ಇನ್ ಕುರಿತದ್ದು. ಚೆಂಡನ್ನು ಎಸೆಯುವ ಕ್ಷಣದಲ್ಲಿ ಎಸೆಯುವವನು ಮೈದಾನಕ್ಕೆ ಮುಖಮಾಡಿ ನಿಂತಿರಬೇಕು. ಎರಡೂ ಪಾದಗಳ ಒಂದಿಷ್ಟು ಭಾಗವಾದರೂ ಗೆರೆಯ ಮೇಲೆ ಅಥವಾ ಗೆರೆಯ ಹೊರಗಿನ ನೆಲದ ಮೇಲೆ ಇರಬೇಕು. ಎರಡೂ ಕೈಗಳಿಂದ, ತಲೆಯ ಹಿಂದಿನಿಂದ, ತಲೆಯ ಮೇಲಾಗಿ, ಚೆಂಡು ಹೊರಹೋದ ಸ್ಥಳದಿಂದಲೇ ಎಸೆಯಬೇಕು. ಎದುರಾಳಿಗಳು 2 ಮೀಟರು ದೂರ ನಿಲ್ಲಬೇಕು. ಎಸೆತ ಸರಿಯಿಲ್ಲದಿದ್ದರೆ ಅದು ಎದುರು ತಂಡದ ಪಾಲು. ನ್ಯಾಯಾನ್ಯಾಯದ ಪ್ರಶ್ನೆ ಇಷ್ಟರಲ್ಲೇ ಮುಗಿಯುತ್ತದೆ. ಚೆಂಡು ಸುತ್ತಬಾರದು, ನೆಟ್ಟಗೆ ಹೋಗಬೇಕು, ನೋಡಲು ಅಂದವಾಗಿರಬೇಕು ಎಂಬ ಮಾತು ಅಲ್ಲೆಲ್ಲಿಯೂ ಇಲ್ಲ. ಹಿಮ್ಮಡಿ ಗೆರೆಯ ಮೇಲಿದ್ದು ಬೆರಳುಗಳು ಮೈದಾನದೊಳಗೆ ಚಾಚಿದ್ದರೂ ತಪ್ಪಲ್ಲ. ಹಿಂಗಾಲನ್ನು ಎಳೆದರೂ ಅದರ ತುದಿ ನೆಲಕ್ಕೆ ತಾಗಿದ್ದರೆ ತಪ್ಪಲ್ಲ.

ಈ ನಿಯಮ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. 1863ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಮೊದಲ ನಿಯಮಗಳನ್ನು ಬರೆದಾಗ, ಹೊರಗೆ ಹೋದ ಚೆಂಡನ್ನು ಯಾವ ತಂಡದವನು ಮೊದಲು ಮುಟ್ಟುವನೋ ಅವನೇ ಗೆರೆಗೆ ಲಂಬವಾಗಿ ಎಸೆಯಬೇಕಾಗಿತ್ತು. ಎರಡು ಕೈಗಳಿಂದ ಎಸೆಯುವ ಕಟ್ಟಳೆ ಬಂದದ್ದು 1882ರಲ್ಲಿ. ಒಂಟಿಕೈಯ ಎಸೆತ ಬಹುದೂರ ಹೋಗಬಲ್ಲುದು. ಆಟವನ್ನು ಮತ್ತೆ ಆರಂಭಿಸುವ ಸೌಕರ್ಯವು ಎಸೆಯುವವನಿಗೆ ಅತಿಯಾದ ಲಾಭವಾಗದಂತೆ ಈ ಕಟ್ಟಳೆ ತಡೆಯುತ್ತದೆ. ಇಂದಿಗೂ ಥ್ರೋ-ಇನ್‌ನಿಂದ ನೇರವಾಗಿ ಗೋಲು ಹೊಡೆಯುವಂತಿಲ್ಲ. ಆದ್ದರಿಂದ ತೀರ್ಪುಗಾರನು ಕೇಳಿಕೊಳ್ಳಬೇಕಾದುದು, ಎಸೆಯುವವನು ಈ ಕಟ್ಟಳೆಯನ್ನು ಮುರಿದನೇ ಎಂದೇ ಹೊರತು ಚೆನ್ನಾಗಿ ಎಸೆದನೇ ಎಂದಲ್ಲ.

ಹಾಗಾದರೆ ತಪ್ಪು ತೀರ್ಪು ಏಕೆ ಬರುತ್ತದೆ? ತೀರ್ಪುಗಾರರ ಕಷ್ಟವನ್ನೂ ನಾವು ತಿಳಿಯಬೇಕು. ಒಂದೇ ಕ್ಷಣದಲ್ಲಿ ಕೈ ತಲೆಯ ಮೇಲಿರುತ್ತದೆ, ಕಾಲು ನೆಲದ ಮೇಲಿರುತ್ತದೆ; ಎರಡನ್ನೂ ಒಂದೇ ಜೊತೆ ಕಣ್ಣು ಹಿಡಿಯುವುದು ಕಷ್ಟ. ದೊಡ್ಡ ಪಂದ್ಯಗಳಲ್ಲಿ ಗೆರೆಯ ಬಳಿಯ ಸಹಾಯಕನು ಪಾದಗಳನ್ನೂ ತೀರ್ಪುಗಾರನು ಕೈಗಳನ್ನೂ ನೋಡಿ ಕೆಲಸ ಹಂಚಿಕೊಳ್ಳುತ್ತಾರೆ. ನಮ್ಮ ಪಂದ್ಯಗಳಲ್ಲಿ ಬಾವುಟ ಹಿಡಿದು ನಿಲ್ಲುವವನು ಆಯಾ ತಂಡದ ಹುಡುಗನೇ. ಚೆಂಡು ಹೊರಹೋಯಿತೆಂದು ತೋರಿಸುವುದಷ್ಟೇ ಅವನ ಕೆಲಸ. ಹೀಗಿರುವಾಗ ದೂರದಲ್ಲಿರುವ ತೀರ್ಪುಗಾರರು ಕಾಣದ ಕೈಯನ್ನು ಕಾಣುವ ಚೆಂಡಿನಿಂದ ಊಹಿಸಿಕೊಳ್ಳುತ್ತಾರೆ.

ತರ್ಕಶಾಸ್ತ್ರದ ತರಗತಿಯಲ್ಲಿ ನಾವು ಓದಿದ ದೋಷವೇ ಇದು. ಮಳೆ ಬಂದರೆ ಅಂಗಳ ನೆನೆಯುತ್ತದೆ. ಆದರೆ ಅಂಗಳ ನೆನೆದ ಮಾತ್ರಕ್ಕೆ ಮಳೆ ಬಂದಿತೆನ್ನಲಾಗದು, ಅಮ್ಮ ಸಗಣಿ ನೀರು ಚಿಮುಕಿಸಿರಬಹುದು. ಒಂಟಿಕೈಯ ಎಸೆತದಿಂದ ಚೆಂಡು ಸುತ್ತಬಹುದು. ಬೆವರಿನ ಕೈಯಿಂದಲೂ ಒದ್ದೆಯ ಚೆಂಡಿನಿಂದಲೂ ಒಂದು ತೋಳಿಗೆ ಇನ್ನೊಂದಕ್ಕಿಂತ ಕಸುವು ಹೆಚ್ಚಿರುವುದರಿಂದಲೂ ಅದು ಸುತ್ತಬಹುದು. ಸುತ್ತು ಸಂಶಯಕ್ಕೆ ಕಾರಣವಾದೀತೇ ಹೊರತು ಅಪರಾಧಕ್ಕೆ ಸಾಕ್ಷಿಯಾಗದು.

ನೋಟಕ್ಕೆ ವಿಚಿತ್ರವಾದುದೆಲ್ಲ ತಪ್ಪಲ್ಲ ಎಂಬುದಕ್ಕೆ ಲೋಕಪ್ರಸಿದ್ಧ ಉದಾಹರಣೆಗಳಿವೆ. 2018ರ ವಿಶ್ವಕಪ್ಪಿನಲ್ಲಿ, ರಷ್ಯದ ಕಜಾನ್ ನಗರದಲ್ಲಿ, ಸ್ಪೇನಿನ ಎದುರು ಒಂದು ಗೋಲು ಹಿಂದಿದ್ದ ಇರಾನ್ ತಂಡದ ಮಿಲಾದ್ ಮೊಹಮ್ಮದಿ ಕೊನೆಯ ಗಳಿಗೆಯಲ್ಲಿ ಚೆಂಡು ಹಿಡಿದು ಪಲ್ಟಿ ಹೊಡೆದರು. ಆದರೆ ಚೆಂಡು ಬಿಡದೆ ಎದ್ದು, ಹಿಂದೆ ಸರಿದು, ಸಾಧಾರಣವಾಗಿಯೇ ಎಸೆದರು. ನೋಡಿದವರು ನಕ್ಕರು. ಆದರೆ ಪಲ್ಟಿ ಹೊಡೆದು ಎಸೆಯುವುದೂ ನ್ಯಾಯವಾದ ಎಸೆತವೇ. ಚೆಂಡು ಕೈಬಿಡುವ ಹೊತ್ತಿಗೆ ಎರಡೂ ಪಾದ ನೆಲದಲ್ಲಿದ್ದು ಉಳಿದ ಕಟ್ಟಳೆಗಳು ನಡೆದಿದ್ದರೆ ಸಾಕು. ಇಂಗ್ಲೆಂಡಿನ ಸ್ಟೋಕ್ ಸಿಟಿ ತಂಡದ ರೋರಿ ಡೆಲಪ್ ಹುಡುಗನಾಗಿದ್ದಾಗ ಜಾವೆಲಿನ್ ಎಸೆದವರು. 2008ರ ಸುಮಾರಿಗೆ ಅವರು ಟವಲಿನಿಂದ ಚೆಂಡು ಒರೆಸಿ ಎಸೆಯುತ್ತಿದ್ದ ದೂರದ ಥ್ರೋ-ಇನ್ ಎದುರಾಳಿಗಳಿಗೆ ಸಿಂಹಸ್ವಪ್ನವಾಗಿತ್ತು. ಅಂಥ ಬಲವೂ ನಿಯಮದ ಮೇರೆಯೊಳಗಿನದೇ.

ಇಷ್ಟು ಸಡಿಲ ಬಿಟ್ಟರೆ ಆಟಗಾರರು ಮನಬಂದಂತೆ ಎಸೆಯುತ್ತಾರೆಂದು ಕೆಲವರು ಆಕ್ಷೇಪಿಸಬಹುದು. ನಾನು ಸಡಿಲವನ್ನು ಕೇಳುತ್ತಿಲ್ಲ. ಕಾಲೆತ್ತಿ ಎಸೆದವನನ್ನೂ, ಮುಖದ ಮುಂದಿನಿಂದ ತಳ್ಳಿದವನನ್ನೂ, ಹತ್ತು ಗಜ ಮುಂದಕ್ಕೆ ಕದ್ದು ಹೋಗಿ ಎಸೆದವನನ್ನೂ ಧಾರಾಳವಾಗಿ ಹಿಡಿಯಲಿ. ಕಂಡ ತಪ್ಪಿಗೆ ಸೀಟಿ ಊದಲಿ, ಊಹಿಸಿದ ತಪ್ಪಿಗೆ ಬೇಡ ಎಂಬುದಷ್ಟೇ ನನ್ನ ವಾದ.

ಇನ್ನು ನನ್ನದೇ ಒಂದು ತಪ್ಪೊಪ್ಪಿಗೆ. ಇಷ್ಟೆಲ್ಲ ಓದಿದ ಮೇಲೆ ಈ ವರ್ಷ ನಮ್ಮ ತರಗತಿಗಳ ನಡುವಿನ ಪಂದ್ಯಕ್ಕೆ ನಾನೇ ತೀರ್ಪುಗಾರನಾದೆ. ಮೊದಲ ವರ್ಷದ ಹುಡುಗನೊಬ್ಬ ಅಡ್ಡಾದಿಡ್ಡಿಯಾಗಿ ಎಸೆದ. ಚೆಂಡು ಗಿರ್ರನೆ ಸುತ್ತಿತು. ನನಗರಿವಿಲ್ಲದೆ ಸೀಟಿ ತುಟಿಗೆ ಹೋಗಿ ಊದಿಯೂ ಬಿಟ್ಟೆ! ಅವನು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ, ಏನೂ ಹೇಳಲಿಲ್ಲ. ನಾನು ಅವನ ಕೈಗಳನ್ನು ನೋಡಿರಲೇ ಇಲ್ಲ. ಆಟ ಮುಗಿದ ಮೇಲೆ ಅವನ ಬಳಿ ಹೋಗಿ ತಪ್ಪು ನನ್ನದೆಂದು ಹೇಳಿದೆ. ಅಂದಿನಿಂದ ನನ್ನ ಪಂದ್ಯದ ತೀರ್ಪುಗಾರರ ಮೇಲಿದ್ದ ಕೋಪ ಇಳಿದಿದೆ. ದೂರು ಮಾತ್ರ ಉಳಿದಿದೆ. ಆ ದಿನ ನನ್ನ ಕಾಲು ನೆಲ ಬಿಟ್ಟಿತ್ತೋ ಇಲ್ಲವೋ ನಾನೂ ಪ್ರಮಾಣ ಮಾಡಿ ಹೇಳಲಾರೆ. ಅದನ್ನು ಯಾರೂ ನೋಡಲಿಲ್ಲವೆಂಬುದೇ ನನ್ನ ದೂರು.

ಆದ್ದರಿಂದ ಕ್ರೀಡಾ ವಿಭಾಗದ ಅಧ್ಯಾಪಕರಲ್ಲಿ ಎರಡು ಬಿನ್ನಹಗಳು. ಪಂದ್ಯಾವಳಿಗೆ ಮುಂಚೆ 15ನೆಯ ನಿಯಮವನ್ನು ಕನ್ನಡದಲ್ಲಿ ಬರೆಸಿ ಸೂಚನಾ ಫಲಕದಲ್ಲಿ ಹಾಕಿಸಬೇಕು. ಬಾವುಟ ಹಿಡಿಯುವ ಹುಡುಗರಿಗೆ ಎಸೆಯುವವನ ಪಾದಗಳನ್ನು ನೋಡುವ ಕೆಲಸವನ್ನು ಕಲಿಸಿ, ತೀರ್ಪುಗಾರರನ್ನು ಕೈ ನೋಡುವುದಕ್ಕೆ ಬಿಡಬೇಕು. ಇದಕ್ಕೆ ಖರ್ಚೇನೂ ಇಲ್ಲ, ಅರ್ಧ ಗಂಟೆಯ ಪಾಠ ಸಾಕು. ಮುಂದಿನ ವರ್ಷ ಹಳ್ಳಿಯಿಂದ ಬರುವ ಹುಡುಗನು ಒರಟಾಗಿ ಎಸೆದಾನು. ಅವನ ಎಸೆತ ನ್ಯಾಯವಾದದ್ದಾದರೆ ಆಟ ಮುಂದುವರಿಯಲಿ.