‘ದೊರೆಯಲಿಲ್ಲ’ ಎಂಬುದು ಪ್ರಮಾಣವಲ್ಲ

“ಅಂತರ್ಜಾಲದಲ್ಲಿ ಹುಡುಕಿ ನೋಡಿದೆವು, ನಮ್ಮ ಊರಿನ ಹೆಸರಿನಲ್ಲಿ ಯಾವ ದಾಖಲೆಯೂ ಇಲ್ಲ.” ಈ ಮಾತು ಈಗ ಭಕ್ತವೃಂದದ ಬಾಯಲ್ಲಿ ಗಾದೆಯಷ್ಟು ಸಲೀಸಾಗಿ ಬರುತ್ತಿದೆ. ಜಾತ್ರೆಯ ಸ್ಮರಣಸಂಚಿಕೆಗೆ ಲೇಖನ ಬರೆಯುವವರು, ಮನೆತನದ ಇನಾಮು ಜಮೀನಿನ ಮೂಲವನ್ನು ಅರಸುವವರು, ಊರ ಗದ್ದುಗೆಯ ಕಾಲವನ್ನು ತಿಳಿಯಬಯಸುವವರು ಪತ್ರಾಗಾರದ ಸೂಚಿಯಲ್ಲಿ ಊರಿನ ಹೆಸರನ್ನು ಒಮ್ಮೆ ಒತ್ತಿ, ಖಾಲಿ ಪುಟ ಕಂಡೊಡನೆ ಎದ್ದುಬಿಡುತ್ತಾರೆ. ಅಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಆ ಖಾಲಿ ಪುಟವನ್ನೇ ಪ್ರಮಾಣವಾಗಿ ಹಿಡಿದು ‘ಈ ಗದ್ದುಗೆಗೆ ಇತಿಹಾಸವಿಲ್ಲ’ ಎಂದು ಅಚ್ಚು ಹಾಕಿಸುವುದು, ಅಟ್ಟದ ಮೇಲಿನ ತಾಳೆಗರಿಯ ಕಟ್ಟನ್ನು ‘ಎಲ್ಲಿಯೂ ನಮೂದಾಗದ್ದರಲ್ಲಿ ಏನಿದ್ದೀತು’ ಎಂದು ಹೊಳೆಗೆ ಬಿಡುವುದು, ಇವು ಆಲಸ್ಯವನ್ನು ದಾಟಿದ ಅಪರಾಧಗಳು.

ಸೂಚಿಯೆಂಬುದು ಶೋಧಕನ ಪ್ರಶ್ನೆಗೆ ಉತ್ತರ ಕೊಡುವ ವಸ್ತುವೇ ಅಲ್ಲ. ಸೂಚಿಕಾರನು ಎಂದೋ ಬರೆದಿಟ್ಟ ಪದವೂ ಶೋಧಕನು ಇಂದು ಒತ್ತಿದ ಪದವೂ ಅಕ್ಷರಶಃ ಹೊಂದುತ್ತವೆಯೇ ಎಂಬುದಷ್ಟೇ ಅದಕ್ಕೆ ಗೊತ್ತು. ಹೊಂದದಿದ್ದಾಗ ಅದು ಕೊಡುವ ‘ಇಲ್ಲ’ವು ಪದದ ಕುರಿತಾದದ್ದು, ದಾಖಲೆಯ ಕುರಿತಾದದ್ದಲ್ಲ.

ಚನ್ನರಾಯಪಟ್ಟಣ ತಾಲ್ಲೂಕಿನ ಹೋಬಳಿಯಾದ ದಂಡಿಗನಹಳ್ಳಿಯನ್ನೇ ತೆಗೆದುಕೊಳ್ಳಬಹುದು. ಸಾಮಾನ್ಯ ಶೋಧಯಂತ್ರದಲ್ಲಿ ಈ ಹೆಸರನ್ನು ಒತ್ತಿದವರಿಗೆ ಚಿಕ್ಕಬಳ್ಳಾಪುರ ಜಿಲ್ಲೆಯ ದಂಡಿಗನಹಳ್ಳಿ ಅಣೆಕಟ್ಟು ಎದುರಾದರೆ ಬೆರಗಾಗಬೇಕಿಲ್ಲ. ಹೆಸರು ಒಂದೇ, ಊರು ಬೇರೆ. ಇನ್ನು ಇಂಗ್ಲಿಷ್ ಲಿಪಿಯ ಸೂಚಿಗಳಲ್ಲಿ ಈ ಹೆಸರಿಗೆ ಸ್ಥಿರರೂಪವೇ ಇರಲಾರದು. ‘ಹಳ್ಳಿ’ಯನ್ನು ಒಬ್ಬನು ಒಂದು ಲಕಾರದಿಂದ, ಮತ್ತೊಬ್ಬನು ಎರಡು ಲಕಾರದಿಂದ ಬರೆದಾನು, ಇನ್ನೊಬ್ಬನು ಅದನ್ನು ಬಿಡಿಸಿ ಬೇರೆ ಪದವನ್ನಾಗಿಸಿಯಾನು. ನಡುವಣ ಅಕಾರ ನುಂಗಿಹೋಗುವುದೂ ಉಂಟು. ಕನ್ನಡದಲ್ಲಿಯೇ ‘ಚನ್ನ’ ‘ಚೆನ್ನ’ ಎಂಬ ಎರಡು ರೂಪಗಳಿವೆ. ‘ಹೊಳೆನರಸೀಪುರ’ದ ಸೀಕಾರ ಹ್ರಸ್ವವೋ ದೀರ್ಘವೋ ಎಂಬುದರಲ್ಲಿ ನಾಮಫಲಕಗಳೇ ಒಮ್ಮತಕ್ಕೆ ಬಂದಿಲ್ಲ. ಆದುದರಿಂದ ಪೂರ್ಣ ಹೆಸರನ್ನು ಒತ್ತುವುದಕ್ಕಿಂತ ‘ದಂಡಿಗ’ ಎಂಬ ಮೊದಲ ತುಂಡನ್ನಷ್ಟೇ ಒತ್ತುವುದು ಲೇಸು. ಕನ್ನಡದಲ್ಲಿ ವಿಭಕ್ತಿಪ್ರತ್ಯಯ ಹೆಸರಿಗೇ ಅಂಟಿಕೊಳ್ಳುವುದರಿಂದ ತುಂಡುಪದದ ಶೋಧ ಇಲ್ಲಿ ಇಂಗ್ಲಿಷಿಗಿಂತಲೂ ಹೆಚ್ಚು ಅಗತ್ಯ. ಶಾಸನಪಾಠಗಳಲ್ಲಾದರೋ ಸೊನ್ನೆಯ ಬದಲಿಗೆ ಣಕಾರದ ಒತ್ತು ಬರಬಹುದು, ಹಳೆಯ ಕಾಲದಲ್ಲಿ ‘ಹಳ್ಳಿ’ಯು ‘ಪಳ್ಳಿ’ಯಾಗಿರಬಹುದು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಪಟ್ಟಿಗಳು ಯೂನಿಕೋಡ್ ಶೋಧಕ್ಕೆ ಕಾಣಿಸುವುದೇ ಇಲ್ಲ. ಯಂತ್ರದ ದೃಷ್ಟಿಯಲ್ಲಿ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಮಾತ್ರ.

ಇದು ಕಾಗುಣಿತದ ಮಾತಾಯಿತು. ಇದಕ್ಕಿಂತ ದೊಡ್ಡ ತಪ್ಪು ಬೇರೊಂದುಂಟು. ಪತ್ರಾಗಾರವು ಗ್ರಂಥಾಲಯವಲ್ಲ. ಗ್ರಂಥಾಲಯದಲ್ಲಿ ಪ್ರತಿಯೊಂದು ಪುಸ್ತಕಕ್ಕೂ ಒಂದು ಶೀರ್ಷಿಕೆ ಇರುತ್ತದೆ. ಪತ್ರಾಗಾರದಲ್ಲಿ ದಾಖಲೆಗಳು ಯಾವ ಕಚೇರಿಯಲ್ಲಿ ಹುಟ್ಟಿದವೋ ಆ ಕಚೇರಿಯ ಕ್ರಮದಲ್ಲಿಯೇ ಇರುತ್ತವೆ, ಮತ್ತು ವಿವರಣೆ ಬಹುಮಟ್ಟಿಗೆ ಕಡತದ ಹಂತಕ್ಕೇ ನಿಲ್ಲುತ್ತದೆ. ನೂರು ಹಾಳೆಯ ಕಡತದ ನಲವತ್ತನೆಯ ಹಾಳೆಯಲ್ಲಿರುವ ಊರಿನ ಹೆಸರನ್ನು ಯಾವ ಸೂಚಿಕಾರನೂ ಬರೆದಿರುವುದಿಲ್ಲ. ಆದಕಾರಣ ‘ನಮ್ಮ ಊರು ಎಲ್ಲಿದೆ’ ಎಂದು ಕೇಳುವ ಮೊದಲು ‘ನಮ್ಮ ಊರಿನ ಈ ವ್ಯವಹಾರವನ್ನು ಅಂದು ಯಾವ ಕಚೇರಿ ನೋಡುತ್ತಿತ್ತು’ ಎಂದು ಕೇಳಬೇಕು. ಮೈಸೂರು ಸಂಸ್ಥಾನದಲ್ಲಿ ಮಠಮಾನ್ಯಗಳ, ದೇವಾಲಯಗಳ ಕಡತಗಳು ಮುಜರಾಯಿ ಇಲಾಖೆಯಲ್ಲಿದ್ದವು. ಇನಾಮು ಭೂಮಿಯ ವಿಚಾರ ಕಂದಾಯದ ಕಡೆಗೆ ಹೋಗುತ್ತದೆ. ಮಠಗಳ ಇನಾಮು ಕೈಬಿಟ್ಟದ್ದು 1955ರ ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳ ರದ್ದಿಯಾತಿ ಕಾಯಿದೆಯಿಂದ. 1831ರಿಂದ 1881ರವರೆಗಿನ ಕಮಿಷನರುಗಳ ಆಡಳಿತಕಾಲವಾದರೆ ‘ಹಾಸನ’ದ ಜೊತೆಗೆ ‘ಅಷ್ಟಗ್ರಾಮ’ವನ್ನೂ ಹುಡುಕಬೇಕು, ಸಕಲೇಶಪುರದ ಸೀಮೆಗೆ ‘ಮಂಜರಾಬಾದ್’ ಎನ್ನಬೇಕು. ರಾಜ್ಯಕ್ಕೆ ‘ಕರ್ನಾಟಕ’ವೆಂಬ ಹೆಸರು ಬಂದದ್ದೇ 1973ರ ನವೆಂಬರ್ 1ರಂದು, ಅದಕ್ಕೆ ಹಿಂದಿನ ಆಡಳಿತದ ಕಡತಗಳಲ್ಲಿ ಆ ಪದವನ್ನು ಅರಸುವವರನ್ನು ಕಂಡರೆ ನಗಬೇಕೋ ಮರುಗಬೇಕೋ ತಿಳಿಯದು. ನಮ್ಮ ಸಮುದಾಯದ ಹೆಸರೂ ಹಾಗೆಯೇ. ‘ಲಿಂಗಾಯತ’ ಎಂಬುದನ್ನು ಆಂಗ್ಲ ಅಧಿಕಾರಿಗಳು ನಾನಾ ವಿಧವಾಗಿ ಬರೆದರು. ಎಷ್ಟೋ ಕಡೆ ‘ಜಂಗಮ’ ಎಂದಷ್ಟೇ ಬರೆದು ಮುಗಿಸಿದರು.

ಹೇಮಾವತಿಯ ತೀರದವರಿಗೆ ಇನ್ನೊಂದು ಮಾತು. ಗೊರೂರಿನ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಹೆಸರುಗಳನ್ನು ಇಂದಿನ ಗ್ರಾಮಪಟ್ಟಿಯಿಂದ ಆರಿಸಲು ಹೊರಟರೆ ದೊರೆಯುವುದು ಹೇಗೆ? ಊರು ಮುಳುಗಿತು, ಕಡತ ಮುಳುಗಲಿಲ್ಲ. ಆ ಊರುಗಳ ಗದ್ದುಗೆ, ಮಠ, ಮಾನ್ಯಗಳ ಸಂಗತಿಯನ್ನು ಹಳೆಯ ತಾಲ್ಲೂಕಿನ ಮೂಲಕವೇ ತಲುಪಬೇಕು.

ಶಾಸನಗಳ ವಿಷಯದಲ್ಲಿಯೂ ಇದೇ ಗತಿ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 5ನೆಯ ಸಂಪುಟ ಹಾಸನ ಜಿಲ್ಲೆಯದು, 1902ರಲ್ಲಿ ಪ್ರಕಟವಾಯಿತು. ಅದರಲ್ಲಿ ಚನ್ನರಾಯಪಟ್ಟಣದ ಭಾಗವನ್ನು ನೋಡಿ ‘ತಾಲ್ಲೂಕಿನ ಶಾಸನಗಳೆಲ್ಲ ಇಷ್ಟೇ’ ಎಂದವನು ಮೋಸಹೋದ. ಅದೇ ತಾಲ್ಲೂಕಿನ ಶ್ರವಣಬೆಳಗೊಳದ್ದು ಪ್ರತ್ಯೇಕವಾದ 2ನೆಯ ಸಂಪುಟ. 1889ರಲ್ಲಿ ಬಂದು, ಆರ್. ನರಸಿಂಹಾಚಾರ್ಯರಿಂದ ಪರಿಷ್ಕೃತವಾಗಿ 1923ರಲ್ಲಿ ಮತ್ತೆ ಬಂದಿತು. ಇವುಗಳ ಛಾಯಾಪ್ರತಿಗಳು ಅಂತರ್ಜಾಲದಲ್ಲಿವೆ, ಆದರೆ ಹಳೆಯ ಅಚ್ಚಿನ ಕನ್ನಡ ಪುಟಗಳನ್ನು ಯಂತ್ರ ಓದುವ ರೀತಿಯನ್ನು ನಂಬಿ ಒಳಶೋಧ ಮಾಡಬಾರದು. ಪುಟ ತಿರುವಬೇಕು. ಕಾಲದ ವಿಷಯದಲ್ಲಿಯೂ ಎಚ್ಚರ ಬೇಕು: ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸ್ಥೂಲವಾಗಿ ದೊರೆಯುತ್ತದೆ, ಆದರೆ ಬರಿಯ ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. ‘ಕ್ರೋಧಿ’ ಎಂದಷ್ಟೇ ಇರುವ ಪತ್ರ 1904ರದೂ ಆಗಬಹುದು, 1844ರದೂ ಆಗಬಹುದು.

ವಚನಸಾಹಿತ್ಯದ ಅಭ್ಯಾಸಿಗಳಿಗೆ ಇದೆಲ್ಲ ಹೊಸತಾಗಬಾರದು. ಅಂಕಿತವನ್ನು ಹಿಡಿದು ವಚನಕಾರರನ್ನು ಗುರುತಿಸುವುದು ನಮ್ಮಲ್ಲಿ ಹಳೆಯ ವಿದ್ಯೆ. ‘ಗುಹೇಶ್ವರ’ವನ್ನು ಮಾತ್ರ ಹುಡುಕಿ ‘ಗೊಹೇಶ್ವರ’ವನ್ನು ಬಿಟ್ಟವನಿಗೆ ಪ್ರಭುದೇವರು ಅರ್ಧವೇ ದೊರೆಯುತ್ತಾರೆ, ‘ಕೂಡಲಸಂಗಮದೇವ’ದೊಡನೆ ‘ಕೂಡಲಸಂಗಯ್ಯ’ನನ್ನೂ ನೆನೆಯದವನಿಗೆ ಬಸವಣ್ಣನವರೂ ಹಾಗೆಯೇ. ಹಸ್ತಪ್ರತಿಗಳ ಸೂಚಿಯಲ್ಲಂತೂ ಒಂದು ಕಟ್ಟಿನ ಹಲವು ಕೃತಿಗಳಲ್ಲಿ ಮೊದಲನೆಯದರ ಹೆಸರಷ್ಟೇ ಮೇಲೆ ಕಾಣಿಸಿ, ಉಳಿದವು ಒಳಗೆ ಮರೆಯಾಗುವುದುಂಟು. ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದದ್ದು ಯಾವುದೋ ಸೂಚಿಯಲ್ಲಿ ಹೆಸರು ಕಂಡುದರಿಂದಲ್ಲ, ಮನೆಮನೆಯ ಕಟ್ಟುಗಳನ್ನು ಬಿಚ್ಚಿಸಿದುದರಿಂದ. ‘ಅರ್ಥಶಾಸ್ತ್ರ’ವು ನಷ್ಟವಾಯಿತೆಂದೇ ಲೋಕ ನಂಬಿದ್ದಾಗ ಅದರ ತಾಳೆಗರಿಯ ಪ್ರತಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿಯೇ ಇತ್ತು, 1905ರಲ್ಲಿ ಅದನ್ನು ಗುರುತಿಸಿದವರು ಅಲ್ಲಿಯ ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು.

‘ಹಾಗಾದರೆ ತಪ್ಪು ಸಂಸ್ಥೆಗಳದೇ ಅಲ್ಲವೆ’ ಎಂಬ ಪ್ರತಿವಾದ ನ್ಯಾಯವಾದುದೇ. ಕನ್ನಡದ ದಾಖಲೆಗೆ ಇಂಗ್ಲಿಷ್ ವಿವರಣೆ ಬರೆದು, ಮೂಲ ಹೆಸರನ್ನು ಕನ್ನಡ ಲಿಪಿಯಲ್ಲಿ ಕೊಡದಿರುವ ಸೂಚಿ ಕನ್ನಡಿಗನಿಗೆ ಬಾಗಿಲು ಹಾಕಿದಂತೆಯೇ. ರಾಷ್ಟ್ರೀಯ ಅಭಿಲೇಖಾಗಾರದ ‘ಅಭಿಲೇಖ್ ಪಟಲ್’ 2015ರಿಂದ ಮನೆಯಲ್ಲಿ ಕುಳಿತವರಿಗೂ ತೆರೆದಿದೆ. ಇಂಗ್ಲಿಷಿನಲ್ಲಿ ಕಡತದ ವಿಷಯವನ್ನು ಊಹಿಸಬಲ್ಲವರಿಗೆ ಅದು ಕಾಮಧೇನು, ಉಳಿದವರಿಗೆ ಕಾಡು. ಈ ಕೊರತೆಯನ್ನು ಆಗ್ರಹಪೂರ್ವಕವಾಗಿ ಎತ್ತಿ ಹೇಳಬೇಕು. ಆದರೆ ಬಾಗಿಲು ಕಿರಿದೆಂಬುದು ಮನೆ ಬರಿದೆನ್ನಲು ಕಾರಣವಾಗದು. 2023ರ ಅಕ್ಟೋಬರಿನಲ್ಲಿ ಲಂಡನ್ನಿನ ಬ್ರಿಟಿಷ್ ಲೈಬ್ರರಿ ಸೈಬರ್ ದಾಳಿಗೆ ಸಿಲುಕಿ, ಅದರ ಸೂಚಿಗಳು ತಿಂಗಳುಗಟ್ಟಲೆ ಅಂತರ್ಜಾಲದಿಂದ ಮರೆಯಾದವು. ಇಂಡಿಯಾ ಆಫೀಸಿನ ದಾಖಲೆಗಳು ಆ ತಿಂಗಳುಗಳಲ್ಲಿ ಇರಲಿಲ್ಲವೆಂದು ಯಾರಾದರೂ ಹೇಳುವರೆ?

ಹಾಗೆಯೇ ‘ಈ ಯಂತ್ರದ ಗೊಡವೆಯೇ ಬೇಡ, ನೇರ ಹೋಗಿ ಕೇಳಿದರಾಯಿತು’ ಎನ್ನುವ ಹಿರಿಯರ ಮಾತೂ ಪೂರ್ಣ ಸರಿಯಲ್ಲ. ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಇಲಾಖೆ, ವರ್ಷ, ಕಡತದ ಸಂಖ್ಯೆ ಯಾವುದನ್ನೂ ಅರಿಯದೆ ಹೋದವನು ಒಂದು ದಿನದ ಬಸ್ಸಿನ ಖರ್ಚನ್ನು ಕಳೆದುಕೊಂಡು ಮರಳುತ್ತಾನೆ. ಮನೆಯಲ್ಲಿ ಸೂಚಿಯನ್ನು ಕ್ರಮವಾಗಿ ನೋಡಿ, ಒಂದು ಸಂಬಂಧಿತ ಕಡತ ಸಿಕ್ಕೊಡನೆ ಅದರ ಹಿಂದುಮುಂದಿನ ಸಂಖ್ಯೆಗಳನ್ನೂ ಗುರುತು ಹಾಕಿಕೊಂಡು ಹೋದವನಿಗೆ ಅಲ್ಲಿಯ ಸಿಬ್ಬಂದಿ ನೆರವಾಗಬಲ್ಲರು.

ಸ್ಮರಣಸಂಚಿಕೆಯ ಸಂಪಾದಕರು ಇನ್ನು ಮುಂದೆ ‘ದಾಖಲೆಯಿಲ್ಲ’ ಎಂಬ ವಾಕ್ಯ ಬಂದರೆ ಲೇಖಕರಿಗೆ ಹಿಂದಿರುಗಿಸಲಿ. ಯಾವ ಸೂಚಿಯಲ್ಲಿ, ಯಾವ ದಿನಾಂಕದಂದು, ಯಾವ ಯಾವ ಕಾಗುಣಿತಗಳಿಂದ, ಯಾವ ಇಲಾಖೆಯ ಯಾವ ವರ್ಷಗಳ ನಡುವೆ ಹುಡುಕಲಾಯಿತು ಎಂಬುದನ್ನು ಬರೆಯಿಸಿ, ‘ಇಷ್ಟರಲ್ಲಿ ದೊರೆತಿಲ್ಲ’ ಎಂದು ಅಚ್ಚು ಹಾಕಲಿ. ಮುಂದಿನ ಶೋಧಕ ಅಲ್ಲಿಂದಲೇ ಹೆಜ್ಜೆಯಿಡುತ್ತಾನೆ. ಅಟ್ಟದ ಮೇಲೆ ಗರಿಯ ಕಟ್ಟಿರುವ ಮನೆಯವರು ಅದಕ್ಕೆ ಎಣ್ಣೆ, ಅರಿಸಿನ ಏನನ್ನೂ ಸವರದೆ, ಕಟ್ಟು ಬಿಚ್ಚದೆ, ಮೈಸೂರಿನ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಗಾಗಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕಾಗಲಿ ಒಂದು ಪತ್ರ ಬರೆಯಲಿ. ಹೊಳೆಗೆ ಬಿಟ್ಟ ಗರಿಯನ್ನು ಯಾವ ಸೂಚಿಯೂ ಮರಳಿ ತಾರದು.