ನಕ್ಷೆ ಮೊದಲೋ, ಕಟ್ಟಡ ಮೊದಲೋ?

ನಗರದ ಅಭಿವೃದ್ಧಿ ಯೋಜನೆಯು ಸರ್ಕಾರ ನಾಗರಿಕರಿಗೆ ಬರೆದುಕೊಟ್ಟ ಕರಾರುಪತ್ರ. ಇಲ್ಲಿ ಉದ್ಯಾನ, ಅಲ್ಲಿ ಶಾಲೆ, ಇಷ್ಟು ಅಗಲದ ರಸ್ತೆ ಎಂಬ ಮಾತು ಅದರಲ್ಲಿರುತ್ತದೆ. ಆ ಮಾತನ್ನು ನಂಬಿಯೇ ಸಂಸಾರಸ್ಥರು ಮನೆ ಕೊಳ್ಳುತ್ತಾರೆ, ಇಪ್ಪತ್ತು ವರ್ಷಗಳ ಸಾಲಕ್ಕೆ ಸಹಿ ಹಾಕುತ್ತಾರೆ. ಆದ್ದರಿಂದ ಹೊಸ ಕಟ್ಟಡದ ಪ್ರಸ್ತಾವ ಬಂದಾಗ ಅದನ್ನು ಯೋಜನೆಯ ಒರೆಗಲ್ಲಿಗೆ ಉಜ್ಜಿ ನೋಡುವುದು ಪ್ರಾಧಿಕಾರದ ಧರ್ಮ. ಮಹಾರಾಷ್ಟ್ರದ 1966ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆಯ 46ನೆಯ ಕಲಮು ವಿಧಿಸುವುದೂ ಇದನ್ನೇ. ಆದರೆ ಮುಂಬಯಿಯಲ್ಲಿ ಒರೆಗಲ್ಲನ್ನೇ ಲೋಹಕ್ಕೆ ತಕ್ಕಂತೆ ಅರೆಯುವ ರೂಢಿ ಬೆಳೆದಿದೆ. ಪ್ರಸ್ತಾವವು ಯೋಜನೆಗೆ ಹೊಂದದಿದ್ದರೆ ತಿದ್ದುಪಡಿಯಾಗುವುದು ಯೋಜನೆ.

ಇದಕ್ಕೆ ಬಾಗಿಲು ಅದೇ ಕಾಯ್ದೆಯ 37ನೆಯ ಕಲಮು. ಯೋಜನೆಯ ಮೂಲಸ್ವರೂಪ ಕೆಡದಂತಹ ಮಾರ್ಪಾಡಿಗೆ ಅದು ಅವಕಾಶ ಕೊಡುತ್ತದೆ. ರಸ್ತೆಯ ತಿರುವೊಂದನ್ನು ಸರಿಪಡಿಸಲು ಇಂತಹ ಅವಕಾಶ ಬೇಕೇ ಬೇಕು. ಆದರೆ ಯಾವುದು ಸಣ್ಣ ಮಾರ್ಪಾಡು, ಯಾವುದು ದೊಡ್ಡದು ಎಂದು ಅಳೆಯುವ ಕೋಲು ಮಾರ್ಪಾಡು ಬಯಸುವವರ ಕೈಯಲ್ಲೇ ಉಳಿದರೆ ಗತಿಯೇನು?

ಜವಳಿ ಗಿರಣಿಗಳ ಜಮೀನಿನ ಚರಿತ್ರೆ ಇದಕ್ಕೆ ಉತ್ತರ ಹೇಳುತ್ತದೆ. ಗಿರಣಿಯ ಜಮೀನನ್ನು ಮರುಅಭಿವೃದ್ಧಿಗೆ ಒಡ್ಡುವಾಗ ಸರಿಸುಮಾರು ಮೂರನೆಯ ಒಂದು ಪಾಲು ಬಯಲು ಜಾಗಕ್ಕಾಗಿ ಮಹಾನಗರಪಾಲಿಕೆಗೆ, ಇನ್ನೊಂದು ಪಾಲು ಸಾರ್ವಜನಿಕ ವಸತಿಗಾಗಿ ಮ್ಹಾಡಾಕ್ಕೆ, ಉಳಿದದ್ದು ಮಾಲೀಕರಿಗೆ ಎಂದು 1991ರ ಅಭಿವೃದ್ಧಿ ನಿಯಂತ್ರಣ ನಿಯಮ 58 ವಿಧಿಸಿತ್ತು. 2001ರಲ್ಲಿ ಆ ನಿಯಮ ತಿದ್ದುಪಡಿಯಾಯಿತು. ಆಗಲೇ ಖಾಲಿಯಿದ್ದ ನೆಲಕ್ಕೆ ಮಾತ್ರ ಹಂಚಿಕೆ ಅನ್ವಯಿಸಿತು. ಹಳೆಯ ಕಟ್ಟಡಗಳನ್ನು ಕೆಡವಿದಾಗ ತೆರವಾಗುವ ನೆಲ ಲೆಕ್ಕದಿಂದ ಹೊರಗುಳಿಯಿತು. ಪಾಲು ಯಾವುದರ ಮೇಲೆ ಎಂಬುದೇ ಬದಲಾಯಿತು. ತೆರಿಗೆಯ ದರವನ್ನು ಮುಟ್ಟದೆ ಆದಾಯದ ವ್ಯಾಖ್ಯೆಯನ್ನು ಕಿರಿದುಗೊಳಿಸಿದರೆ ಬೊಕ್ಕಸಕ್ಕೆ ಏನಾಗುವುದೆಂಬುದು ವ್ಯಾಪಾರಸ್ಥರಿಗೆ ತಿಳಿಯದ ಸಂಗತಿಯೇನಲ್ಲ.

ಸೊರಗಿದ ಗಿರಣಿಗಳಿಗೆ ಹಣ ಬೇಕಿತ್ತು, ಕಾರ್ಮಿಕರ ಬಾಕಿ ತೀರಬೇಕಿತ್ತು ಎಂಬುದು ತಿದ್ದುಪಡಿಯನ್ನು ಸಮರ್ಥಿಸುವವರ ವಾದ. ವಾದದಲ್ಲಿ ಹುರುಳಿಲ್ಲದೆ ಇಲ್ಲ. ಹಾಗಿದ್ದರೆ ಆ ಬಾಕಿಗಾಗಿ ನಗರ ಎಷ್ಟು ನೆಲವನ್ನು ಬಿಟ್ಟುಕೊಡುತ್ತಿದೆ ಎಂಬ ಲೆಕ್ಕವನ್ನು ನಾಗರಿಕರ ಮುಂದಿಟ್ಟು ಒಪ್ಪಿಗೆ ಪಡೆಯಬೇಕಿತ್ತು. ತಿದ್ದುಪಡಿಯನ್ನು ಪ್ರಶ್ನಿಸಿದ ಅರ್ಜಿ ಬಾಂಬೆ ಹೈಕೋರ್ಟಿಗೆ ಬಂದದ್ದು 2005ರಲ್ಲಿ, ನಾಲ್ಕು ವರ್ಷ ತಡವಾಗಿ. ಅದೇ ವರ್ಷ ಹೈಕೋರ್ಟು ಅರ್ಜಿದಾರರ ಪರವಾಗಿ ತೀರ್ಪಿತ್ತರೂ 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ಸರ್ಕಾರದ ನಿಯಮವನ್ನೇ ಎತ್ತಿಹಿಡಿಯಿತು. ಕಾನೂನಿಗೆ ಅದು ಸಮ್ಮತವಾಯಿತು. ಮಕ್ಕಳಿಗೆ ಸಿಗಬೇಕಾಗಿದ್ದ ಮೈದಾನ ಮಾತ್ರ ಮರಳಲಿಲ್ಲ.

ಎಚ್ಚರದಿಂದಿದ್ದ ಬಡಾವಣೆಯೊಂದರ ಕಥೆ ಬೇರೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾಗಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಆಸ್ಪತ್ರೆಯೂ ಜನೋಪಯೋಗಿಯೇ ಎಂಬ ವಾದ ನಿಲ್ಲಲಿಲ್ಲ. 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಹಂಚಿಕೆಯನ್ನು ಒಪ್ಪಲಿಲ್ಲ. ಶಾಲೆ, ಆಸ್ಪತ್ರೆ, ವಸತಿಗೃಹಗಳನ್ನು ಕಟ್ಟಿಸುವ ಸಮಾಜಗಳೂ ದತ್ತಿಗಳೂ ಈ ತೀರ್ಪನ್ನು ವಿಶೇಷವಾಗಿ ನೆನಪಿನಲ್ಲಿಡಬೇಕು. ಪರರ ಉದ್ಯಾನವನ್ನು ತೆಗೆದುಕೊಂಡು ಮಾಡಿದ್ದು ದಾನವಾಗದು. ಉದ್ದೇಶ ಎಷ್ಟೇ ಉದಾತ್ತವಾಗಿದ್ದರೂ ಮೀಸಲು ಮೀಸಲೇ.

ಆದ್ದರಿಂದ ಬೇಡಿಕೆ ಸ್ಪಷ್ಟವಾಗಿರಲಿ. ಯೋಜನೆಯನ್ನು ಮಾರ್ಪಡಿಸುವ ಪ್ರತಿಯೊಂದು ಪ್ರಕಟಣೆಯೊಂದಿಗೂ ಒಂದು ಅಢಾವೆ ಪತ್ರಿಕೆ ಇರತಕ್ಕದ್ದು: ಯಾವ ಮೀಸಲು ಹೋಗುತ್ತದೆ, ಎಷ್ಟು ಚದರ ಮೀಟರ್ ಹೋಗುತ್ತದೆ, ಅದೇ ವಾರ್ಡಿನಲ್ಲಿ ಬದಲಿಗೆ ಎಷ್ಟು ನೆಲ ಬರುತ್ತದೆ, ಹೆಚ್ಚುವರಿ ಎಫ್‌ಎಸ್‌ಐಯ ಲಾಭ ಯಾರದು, ಹೆಚ್ಚುವ ಜನಸಂಖ್ಯೆಗೆ ನೀರು ಮತ್ತು ಒಳಚರಂಡಿ ಎಲ್ಲಿಂದ. ಈ ಪತ್ರಿಕೆಯಿಲ್ಲದ ಮಾರ್ಪಾಡನ್ನು ವಿಚಾರಣೆಗೇ ಎತ್ತಿಕೊಳ್ಳಬಾರದು. ಷೇರುದಾರರಿಗೆ ಲೆಕ್ಕ ಒಪ್ಪಿಸದ ಕಂಪನಿಯನ್ನು ಕಾನೂನು ಬಿಡುವುದಿಲ್ಲ. ನಾಗರಿಕರ ನೆಲವನ್ನು ಲೆಕ್ಕವಿಲ್ಲದೆ ವರ್ಗಾಯಿಸುವ ಆಡಳಿತಕ್ಕೆ ವಿನಾಯಿತಿ ಯಾವ ನ್ಯಾಯ?

ಕಾಯ್ದೆ ಬದಲಾಗುವವರೆಗೂ ನಾಗರಿಕರ ಕೈಯಲ್ಲಿ ಒಂದು ಅಸ್ತ್ರವಿದೆ. 37ನೆಯ ಕಲಮಿನ ಪ್ರಕಟಣೆಗೆ ಯಾರು ಬೇಕಾದರೂ ಒಂದು ತಿಂಗಳೊಳಗೆ ಆಕ್ಷೇಪ ಸಲ್ಲಿಸಬಹುದು. ಅದಕ್ಕೆ ಮಹಾರಾಷ್ಟ್ರದಲ್ಲಿ ಹುಟ್ಟಿರಬೇಕೆಂಬ ನಿಯಮವಿಲ್ಲ. ಆಕ್ಷೇಪಕ್ಕೆ ಬಲವಿಲ್ಲವೆನ್ನುವವರು 2015ನ್ನು ನೆನೆಯಲಿ: ಜನರ ಆಕ್ಷೇಪಗಳ ಮಹಾಪೂರದೆದುರು ಮುಂಬಯಿಯ ಹೊಸ ಅಭಿವೃದ್ಧಿ ಯೋಜನೆಯ ಕರಡನ್ನೇ ಕೈಬಿಟ್ಟು ಮತ್ತೆ ಬರೆಯಿಸಬೇಕಾಯಿತು. ಈಗ ಜಾರಿಯಲ್ಲಿರುವ 2034ರ ಯೋಜನೆ ಮಂಜೂರಾದದ್ದು ಅದಾದ ಮೇಲೆ, 2018ರಲ್ಲಿ.

ತಮ್ಮ ಸೊಸೈಟಿಯ ಪಾರ್ಕಿಂಗ್ ಗೆರೆಗಾಗಿ ಮಧ್ಯರಾತ್ರಿಯವರೆಗೆ ಸಭೆ ನಡೆಸುವ ಕುಟುಂಬಗಳು ಎದುರಿನ ಮೈದಾನದ ಬಣ್ಣ ನಕ್ಷೆಯಲ್ಲಿ ಬದಲಾಗುವಾಗ ಒಂದು ಪುಟದ ಆಕ್ಷೇಪವನ್ನೂ ಬರೆಯದಿದ್ದರೆ, ಆಮೇಲೆ ಬಿಲ್ಡರನನ್ನು ಶಪಿಸುವ ಹಕ್ಕು ಅವರಿಗೆ ಉಳಿಯುವುದಿಲ್ಲ.