ನಿಚ್ಚಣಿಕೆ ಕಲಿಸಿದ ಲೆಕ್ಕ

ನಮಗೆ ಇಂಪ್ಲಿಸಿಟ್ ಡಿಫರೆನ್ಸಿಯೇಷನ್ ಬರ್ತಿತ್ತು. ಅಂದ್ರೆ, ಅದರ ಮಾರ್ಕ್ಸ್ ಬರ್ತಿತ್ತು. ಸೆಕೆಂಡ್ ಪಿಯುಸಿಯಲ್ಲಿ ಒಮ್ಮೆ ಕಲಿತಿದ್ವಿ. ಇಂಜಿನಿಯರಿಂಗ್ ಮೊದಲ ಸೆಮಿಸ್ಟರ್‌ನಲ್ಲಿ ಪಾರ್ಶಿಯಲ್ ಡಿಫರೆನ್ಸಿಯೇಷನ್ ಜೊತೆ ಅದು ಮತ್ತೆ ಬಂತು. ರೂಲ್ ಬಾಯಿಪಾಠ ಆಗಿತ್ತು: ಎಕ್ಸ್ ಇದ್ದಲ್ಲಿ ಸುಮ್ಮನೆ ಡಿಫರೆನ್ಸಿಯೇಟ್ ಮಾಡು, ವೈ ಇದ್ದಲ್ಲಿ ಮಾಡಿ ಪಕ್ಕಕ್ಕೆ ಡಿವೈ ಬೈ ಡಿಎಕ್ಸ್ ಹಚ್ಚು. ಯಾಕೆ ಹಚ್ಚಬೇಕು ಅಂತ ನಾವು ಯಾರೂ ಕೇಳಲಿಲ್ಲ. ಕೇಳಿದ್ರೆ ದಡ್ಡರು ಅಂದ್ಕೋತಾರೆ ಅನ್ನೋ ಹೆದರಿಕೆ.

ನಾವು ಅಂದ್ರೆ ಬೆಳಗಾವಿ ಸಿಟಿಯಲ್ಲಿ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು. ನಮ್ಮ ಬೆಂಚಿನಲ್ಲೇ ಖಾನಾಪುರದ ಒಬ್ಬ ಗೆಳೆಯ ಕೂಡ್ತಾನೆ. ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮ. ಮೊದಲ ಸೆಮಿಸ್ಟರ್‌ನಲ್ಲಿ ನಾವೆಲ್ಲ ಮ್ಯಾಥ್ಸ್ ಪಾಸಾದ್ವಿ, ಅವನಿಗೆ ಬ್ಯಾಕ್‌ಲಾಗ್ ಆಯ್ತು. ಆಮೇಲೆ ಅವನು ಕ್ಲಾಸಿನಲ್ಲಿ ಮಾತಾಡೋದೇ ಬಿಟ್ಟ. 'ನನ್ನ ತಲಿಗೆ ಇದು ಹತ್ತೂದಿಲ್ಲೋ, ಡಿಪ್ಲೊಮಾನಾದ್ರೂ ಮಾಡಬೇಕಿತ್ತು' ಅಂತಿದ್ದ. ನಾವೂ ಪಾಪ ಅಂತ ಅಂದ್ವಿ. ಪಾಪ ಯಾರು ಅಂತ ಗೊತ್ತಾಗಿದ್ದು ರಜೆಯಲ್ಲಿ.

ಮಳೆಗಾಲಕ್ಕೆ ಮುಂಚೆ ಅವನ ಊರಿಗೆ ಹೋಗಿದ್ವಿ. ಬೆಳಗಾವಿಯಿಂದ ಖಾನಾಪುರ ಬಸ್ಸಿನಲ್ಲಿ ಬಹಳ ದೂರ ಏನಲ್ಲ, ಆದರೆ ಅಲ್ಲಿಂದ ಮುಂದೆ ಕಾಡು ಶುರು, ಮಳೆ ಜೋರು. ಮಲಪ್ರಭೆ ಹುಟ್ಟೋ ಕಣಕುಂಬಿ ಅದೇ ತಾಲ್ಲೂಕಿನಲ್ಲಿದೆ. ಮಳೆ ಹಿಡಿಯೋದ್ರೊಳಗೆ ಮನೆ ಹೆಂಚು ಸರಿ ಮಾಡಬೇಕು. ಅವನು ಗೋಡೆಗೆ ನಿಚ್ಚಣಿಕೆ ಹಚ್ಚಿ ಹತ್ತಿದ್ದ, ನಾವು ಕೆಳಗೆ ಹಿಡ್ಕೊಂಡು ನಿಂತಿದ್ವಿ. ಬ್ಯಾಕ್‌ಲಾಗ್ ಪರೀಕ್ಷೆ ಹತ್ತಿರ ಇತ್ತು. 'ಓದಿದ್ಯಾ?' ಅಂತ ಕೇಳಿದ್ವಿ. ಮೇಲಿಂದಲೇ ತಿರುಗಿ ಕೇಳಿದ:

'ಈ ನಿಚ್ಚಣಿಕಿ ಕಾಲ್ ಜಾರಿದ್ರ ತಲಿ ಅಲ್ಲೇ ನಿಂದರತೈತೇನು?'

ಇಲ್ಲ ಅಂದ್ವಿ.

'ಹಂಗಾರ ವೈ ಮುಂದ ಡಿವೈ ಬೈ ಡಿಎಕ್ಸ್ ಯಾಕ ಬರತೈತಿ ಹೇಳ್ರಿ.'

ನಮಗೆ ಹೇಳೋಕೆ ಬರಲಿಲ್ಲ. ಇಳಿದು ಬಂದು ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಗೀಚಿ ತೋರಿಸಿದ. ನಿಚ್ಚಣಿಕೆ 10 ಅಡಿ. ಕಾಲು ಗೋಡೆಯಿಂದ ಎಕ್ಸ್ ದೂರ, ತಲೆ ನೆಲದಿಂದ ವೈ ಎತ್ತರ. ಎಕ್ಸ್ ಸ್ಕ್ವೇರ್ ಪ್ಲಸ್ ವೈ ಸ್ಕ್ವೇರ್ ಯಾವಾಗಲೂ 100. ಈ ಸಮೀಕರಣ 'ವೈ ಅಂದ್ರೆ ಇಷ್ಟು' ಅಂತ ಬಿಡಿಸಿ ಹೇಳೋದಿಲ್ಲ. ಇಬ್ಬರನ್ನೂ ಒಂದೇ ಹಗ್ಗದಲ್ಲಿ ಕಟ್ಟಿದೆ, ಅಷ್ಟೇ. ಎಕ್ಸ್ ಕದಲಿದರೆ ವೈ ಕದಲಲೇಬೇಕು.

ಎಕ್ಸ್ ಸ್ಕ್ವೇರ್ ಬದಲಾಗೋ ವೇಗ 2ಎಕ್ಸ್. ವೈ ಸ್ಕ್ವೇರ್ ವೈ ಜೊತೆ ಬದಲಾಗೋ ವೇಗ 2ವೈ. ಆದರೆ ನಾವು ಸರಿಸ್ತಿರೋದು ವೈಯನ್ನಲ್ಲ, ಎಕ್ಸನ್ನು. ಎಕ್ಸ್ ಒಂದು ಹೆಜ್ಜೆ ಇಟ್ಟಾಗ ವೈ ಎಷ್ಟು ಹೆಜ್ಜೆ ಇಡ್ತದೆ ಅನ್ನೋ ಲೆಕ್ಕ ಸೇರಿಸಬೇಕು. ಅದೇ ಡಿವೈ ಬೈ ಡಿಎಕ್ಸ್. ನಾವು ಬಾಯಿಪಾಠ ಮಾಡಿದ್ದ ಚೈನ್ ರೂಲ್ ಅದೇ. ನಿಚ್ಚಣಿಕೆಯ ಉದ್ದ ಬದಲಾಗಲ್ಲ, ಹಾಗಾಗಿ ಬಲಗಡೆ ಸೊನ್ನೆ. ಬಿಡಿಸಿದ್ರೆ ಡಿವೈ ಬೈ ಡಿಎಕ್ಸ್ ಅಂದ್ರೆ ಮೈನಸ್ ಎಕ್ಸ್ ಬೈ ವೈ. ಮೈನಸ್ ಯಾಕೆ? ಕಾಲು ಹೊರಗೆ ಹೋದ್ರೆ ತಲೆ ಕೆಳಗೆ ಬರ್ತದೆ.

ಕಾಲು 6 ಅಡಿಯಲ್ಲಿದ್ರೆ ತಲೆ 8 ಅಡಿಯಲ್ಲಿ, ವೇಗ 0.75. ಕಾಲನ್ನು 0.1 ಅಡಿ ಎಳೆದ್ರೆ ತಲೆ ಸುಮಾರು 0.075 ಅಡಿ ಇಳಿಬೇಕು. ನಾವು ಮೊಬೈಲ್‌ನಲ್ಲಿ ವರ್ಗಮೂಲ ತೆಗೆದು ನೋಡಿದ್ವಿ: 8 ಅಡಿ ಇದ್ದದ್ದು 7.924 ಆಯ್ತು. ಇಳಿದದ್ದು 0.076. ಇನ್ನು ಕಾಲು 8ಕ್ಕೆ ಬಂದು ತಲೆ 6ಕ್ಕೆ ಇಳಿದಿದ್ರೆ ವೇಗ 1.33. ಜಾರಿದಷ್ಟೂ ಜಾಸ್ತಿ ವೇಗ. ಹೆಂಚು ಹಾಕೋರು ನಿಚ್ಚಣಿಕೆಯ ಕಾಲನ್ನು ಗೋಡೆಯಿಂದ ತುಂಬಾ ದೂರ ಇಡೋದಿಲ್ಲ. ಆ ಮೈನಸ್ ಎಕ್ಸ್ ಬೈ ವೈ ಎಂದೂ ನೋಡದವರಿಗೂ ಅದು ಗೊತ್ತು.

ಇಲ್ಲಿ ವೈಯನ್ನು ಬಿಡಿಸಿಯೂ ಬರೀಬಹುದಿತ್ತು, ಸುತ್ತಿ ಬಳಸಿ ಯಾಕೆ ಅಂತ ಕೇಳಬಹುದು. ಎಲ್ಲ ಕಡೆ ಬಿಡಿಸೋಕೆ ಆಗಲ್ಲ. 1638ರಲ್ಲಿ ಡೆಕಾರ್ಟ್ ಫರ್ಮಾಗೆ ಹಾಕಿದ ಸವಾಲಿನ ರೇಖೆ ನಮ್ಮ ಪುಸ್ತಕದಲ್ಲೂ ಇದೆ: ಎಕ್ಸ್ ಕ್ಯೂಬ್ ಪ್ಲಸ್ ವೈ ಕ್ಯೂಬ್ ಸಮ 6ಎಕ್ಸ್‌ವೈ ಅನ್ನೋ ಥರದ್ದು. ಅದರಲ್ಲಿ ವೈಯನ್ನು ಬೇರೆ ಮಾಡಲು ಹೋದ್ರೆ ಪುಟ ತುಂಬ್ತದೆ. ಹಾಗೇ ಡಿಫರೆನ್ಸಿಯೇಟ್ ಮಾಡಿದ್ರೆ ಎರಡೇ ಸಾಲು, (3, 3) ಬಿಂದುವಿನಲ್ಲಿ ಸ್ಪರ್ಶಕದ ಇಳಿಜಾರು ಮೈನಸ್ 1.

ಈಗ ನಮ್ಮ ಮಾತು. ಅರ್ಥ ಆಗದ ನಾವು ಪಾಸು, ಅರ್ಥ ಮಾಡ್ಕೊಂಡು ಹೇಳಬಲ್ಲವನು ಫೇಲು. ಇದು ಅವನ ತಲೆಯ ತಪ್ಪಲ್ಲ. ಕ್ಲಾಸಿನಲ್ಲಿ ಯಾರೂ ಅವನಿಗೆ ನಿಚ್ಚಣಿಕೆ ತೋರಿಸಲಿಲ್ಲ, ಅವನೇ ಹುಡುಕಿಕೊಳ್ಳಬೇಕಾಯ್ತು. ಹುಡುಕಿಕೊಳ್ಳೋ ಹೊತ್ತಿಗೆ ಒಂದು ಪರೀಕ್ಷೆ ಮುಗಿದಿತ್ತು.

2021ರಲ್ಲಿ ಎಐಸಿಟಿಇ ಪ್ರಾದೇಶಿಕ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಒಪ್ಪಿಗೆ ಕೊಟ್ಟಾಗಿಂದ ಚರ್ಚೆ ಎಲ್ಲ ಪುಸ್ತಕ ಅನುವಾದದ ಸುತ್ತಲೇ ನಡೀತಿದೆ. ಪುಸ್ತಕ ಬರಲಿ. ಆದರೆ ಬೋರ್ಡಿನ ಮೇಲೆ 'ಅವ್ಯಕ್ತ ಅವಕಲನ' ಅಂತ ಬರೆದ ಮಾತ್ರಕ್ಕೆ ನಮಗೇನೂ ತಿಳಿಯಲ್ಲ. ವಿಟಿಯು ಸಿಲಬಸ್‌ನಲ್ಲಿ 'ಬಳಕೆ ಕನ್ನಡ' ಅಂತ ಒಂದು ವಿಷಯವೇ ಇದೆ. ಗಣಿತದ ಪೀರಿಯಡ್‌ನಲ್ಲಿ ಮಾತ್ರ ಕನ್ನಡದ ಬಳಕೆ ಇಲ್ಲ. 12ನೇ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ 'ವ್ಯವಹಾರ ಗಣಿತ' ಬರೆದ ನಾಡಿದು.

ಪರೀಕ್ಷೆ ಇಂಗ್ಲಿಷ್‌ನಲ್ಲೇ ಇರಲಿ, ಪದಗಳೂ ಇಂಗ್ಲಿಷ್‌ನಲ್ಲೇ ಇರಲಿ. ಕೆಲಸಕ್ಕೆ ಅದು ಬೇಕು, ಒಪ್ಪುತ್ತೇವೆ. 'ಯಾಕೆ' ಅನ್ನೋ ಪ್ರಶ್ನೆಗೆ ಉತ್ತರ ಮಾತ್ರ ನಾವು ಯೋಚಿಸೋ ಭಾಷೆಯಲ್ಲಿ ಬರಲಿ. ಇದು ಕನ್ನಡ-ಮರಾಠಿ ಜಗಳವೂ ಅಲ್ಲ. ಇದೇ ಲೆಕ್ಕವನ್ನು ನಮ್ಮ ಮರಾಠಿ ಗೆಳತಿ ಇನ್ನೊಬ್ಬಳಿಗೆ 'ಶಿಡಿ' ಅಂತ ಹೇಳಿಕೊಟ್ಟಳು. ಉತ್ತರ ಅದೇ ಬಂತು.

ನಮ್ಮ ಸಂಘ ರಾಜ್ಯೋತ್ಸವಕ್ಕೆ ಶಾಲು, ಬಾವುಟ, ಡಿಜೆ ಎಲ್ಲ ಮಾಡ್ತದೆ. ಮಾಡೋಣ. ಅದರ ಜೊತೆ ವಾರಕ್ಕೊಂದು ಸಂಜೆ, ಒಂದು ಖಾಲಿ ಕ್ಲಾಸ್‌ರೂಮು, ಒಂದು ಬೋರ್ಡು, ಫಸ್ಟ್ ಇಯರ್‌ನವರಿಗೆ ಒಂದೇ ಒಂದು ಲೆಕ್ಕ. ಅದನ್ನು ಮಾತಾಡಿ ಬಿಡಿಸೋದು. ಕೇಳಿದವರು ದಡ್ಡರು ಅಂತ ಯಾರೂ ನಗಬಾರದು.

ಗೆಳೆಯ ಬ್ಯಾಕ್‌ಲಾಗ್ ಕ್ಲಿಯರ್ ಮಾಡಿದ. ಮೊದಲ ಸಂಜೆ ಬೋರ್ಡಿನ ಮುಂದೆ ನಿಲ್ಲೋಕೆ ಅವನನ್ನೇ ಕೇಳಿದ್ದೀವಿ. 'ಇಂಗ್ಲಿಷಿನ್ಯಾಗ ಹೇಳಬೇಕೇನು?' ಅಂದ. ಬೇಡ ಅಂದ್ವಿ. ಬರ್ತೀನಿ ಅಂದಿದ್ದಾನೆ.